ಹೊಲಿಗೆ ಬಿದ್ದ ತಲೆಯಲ್ಲೇ ಫೈನಲ್‌ಗೆ

ಫುಟ್ಬಾಲ್‌ನಲ್ಲಿ ಭಾರತ ಏಷ್ಯಾಕ್ಕೇ ಚಾಂಪಿಯನ್ ಆಗಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಆದರೆ ನಿಜ. 1962ರ ಸೆಪ್ಟೆಂಬರ್ 4, ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಎದುರಿಗಿದ್ದದ್ದು ದಕ್ಷಿಣ ಕೊರಿಯಾ, ಮೊದಲ ಪಂದ್ಯದಲ್ಲಿ ನಮ್ಮನ್ನು 2-0ರಿಂದ ಸೋಲಿಸಿದ್ದ ತಂಡವೇ.

ಅದಕ್ಕಿಂತ ದೊಡ್ಡ ತಲೆನೋವು ಮೈದಾನದ ಹೊರಗಿತ್ತು. ಇಸ್ರೇಲ್, ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಟ್ಟಿರಲಿಲ್ಲ. ಹಾಗಿದ್ದರೆ ಇದನ್ನು ಏಷ್ಯನ್ ಗೇಮ್ಸ್ ಅನ್ನಬೇಡಿ ಎಂದರು ಭಾರತದ ಜಿ.ಡಿ. ಸೋಂಧಿ. ಅಲ್ಲಿನ ಜನ ಕೆರಳಿದರು, ನಮ್ಮ ರಾಯಭಾರ ಕಚೇರಿಗೇ ನುಗ್ಗಿದರು. ಮಾತಾಡಿದ್ದು ಅಧಿಕಾರಿ, ಬೈಗುಳ ತಿಂದದ್ದು ಆಟಗಾರರು! ಫೈನಲ್‌ನಲ್ಲಿ ಗ್ಯಾಲರಿ ತುಂಬ ಭಾರತದ ವಿರುದ್ಧ ಕೂಗಾಟ. ನಮ್ಮ ಪರ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಅಂತ ನಮ್ಮ ತಂಡದವರೇ ಮುಂದೆ ನೆನೆದಿದ್ದಾರೆ.

ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ಥಾಯ್ಲೆಂಡ್ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಕೋಚ್ ಸೈಯದ್ ಅಬ್ದುಲ್ ರಹೀಂ ಅವರನ್ನು ಹೊರಗೆ ಕೂರಿಸಲಿಲ್ಲ. ಸೆಮಿಫೈನಲ್‌ನಿಂದಲೇ ಗೋಲು ಹೊಡೆಯುವ ಜಾಗಕ್ಕೆ ಕಳಿಸಿದರು. ಎಂಥ ಧೈರ್ಯ ನೋಡಿ. ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು, ಎರಡೂ ಮೊದಲ 20 ನಿಮಿಷದಲ್ಲೇ. ಕೊರಿಯಾದ ಗೋಲು ಬಂದದ್ದು ಆಟ ಮುಗಿಯುವ ಹೊತ್ತಿಗೆ. 2-1.

ರಹೀಂ 1963ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ಆಮೇಲೆ ನಮ್ಮ ಕಡೆ ಬಂದಿಲ್ಲ.