ಕಲ್ಲಿನಲ್ಲಿ ಉಳಿದ ಸೂರು

ಹಳೆಯ ಮನೆಯ ಅಂದವನ್ನು ನೋಡುವವರು ಬಾಗಿಲುವಾಡವನ್ನು ಮೆಚ್ಚುತ್ತಾರೆ, ಕಂಬಗಳನ್ನು ಮುಟ್ಟಿ ನೋಡುತ್ತಾರೆ. ಸೂರಿನ ಕೆಳಗೆ ನಿಂತು ಕತ್ತೆತ್ತುವವರು ವಿರಳ. ಗೋಡೆಯನ್ನು ದಾಟಿ ಹೊರಚಾಚಿದ ಪಕಾಸಿಗಳ ತುದಿಯನ್ನು ಹೇಗೆ ಮುಗಿಸಬೇಕೆಂಬುದು ಬಡಗಿಯೊಬ್ಬನ ಚಿಂತೆಯೆಂದು ನಾವು ತಿಳಿಯುತ್ತೇವೆ. ಆದರೆ ಆ ಚಿಂತೆಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಅದು ಉಳಿದಿರುವುದು ಮರದಲ್ಲಲ್ಲ, ಕಲ್ಲಿನಲ್ಲಿ ಎಂಬುದೇ ನನಗೆ ಸೋಜಿಗ.

ಮರದ ಎಳೆಗಳು ಸಣ್ಣ ಕೊಳವೆಗಳಂತೆ ಉದ್ದಕ್ಕೆ ಓಡುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಮಳೆನೀರನ್ನು ಹೆಚ್ಚು ಕುಡಿಯುವುದೂ ಮೊದಲು ಕೊಳೆಯುವುದೂ ಆ ತುದಿಯೇ. ಆದ್ದರಿಂದ ಬಡಗಿ ಹೊದಿಕೆಯನ್ನು ತುಸು ಮುಂದಕ್ಕೆ ಚಾಚಿ ತುದಿಗೆ ನೆರಳು ಕೊಡುತ್ತಾನೆ, ಕಣ್ಣಿಗೆ ಬೀಳುವ ಭಾಗವನ್ನು ಕೆತ್ತಿ ಚೆಲುವುಗೊಳಿಸುತ್ತಾನೆ. ಇಲ್ಲವೆ ಎಲ್ಲವನ್ನೂ ಒಂದೇ ಸಾಲಿಗೆ ಕೊಯ್ದು ಮುಂದೆ ಹಲಗೆ ಹೊಡೆಯುತ್ತಾನೆ. ಹಲಗೆ ಕೆಟ್ಟರೆ ಬೇರೆ ಹಾಕಬಹುದು. ಪಕಾಸಿ ಕೆಟ್ಟರೆ ಮಾಡನ್ನೇ ಬಿಚ್ಚಬೇಕಲ್ಲವೆ?

ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಶಿಲ್ಪಶಾಸ್ತ್ರಜ್ಞ ವಿಟ್ರೂವಿಯಸ್ ಇದೇ ಮಾತನ್ನು ಎತ್ತಿದ್ದಾನೆ. ಪೂರ್ವದ ಬಡಗಿಗಳು ತೊಲೆಗಳ ತುದಿಯನ್ನು ಗೋಡೆಯ ಸಮಕ್ಕೆ ಕೊಯ್ದರಂತೆ. ಆ ನೋಟ ವಿಕಾರವೆನಿಸಿ ಮೇಲೆ ಹಲಗೆ ಜಡಿದು ನೀಲಿ ಮೇಣ ಬಳಿದರಂತೆ. ಗ್ರೀಕ್ ಗುಡಿಗಳ ಕಲ್ಲಿನಲ್ಲಿ ಕಾಣುವ ಗೀರುಪಟ್ಟಿಕೆಗಳು ಅವುಗಳ ಅನುಕರಣೆಯೆಂದು ಅವನ ಮತ. ವಿದ್ವಾಂಸರು ಇದನ್ನು ಪೂರ್ತಿ ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿ ಸಾಕ್ಷಿ ಇನ್ನೂ ಸ್ಪಷ್ಟ. ಬಿಹಾರದ ಬರಾಬರ್ ಬೆಟ್ಟದಲ್ಲಿ, ಮೌರ್ಯರ ಕಾಲದ ಲೋಮಶ ಋಷಿ ಗುಹೆಯ ಬಾಗಿಲ ಮೇಲೆ, ಬಾಗಿದ ಮಾಡಿನ ಅಡಿಯಿಂದ ತೊಲೆಗಳ ತುದಿಗಳು ಸಾಲಾಗಿ ಇಣುಕುತ್ತವೆ. ಅವೆಲ್ಲ ಒಂದೇ ಬಂಡೆ. ಯಾವ ತೊಲೆಯೂ ಯಾವ ಭಾರವನ್ನೂ ಹೊತ್ತಿಲ್ಲ. ಐಹೊಳೆಯ ಲಾಡಖಾನ ಗುಡಿಯಲ್ಲಿ ಮಾಡಿನ ಇಳಿಜಾರು ಚಪ್ಪಡಿಗಳ ಸಂದುಗಳ ಮೇಲೆ ಮರದ ದಿಮ್ಮಿಗಳಂತಹ ಉದ್ದನೆಯ ಕಲ್ಲುಗಳನ್ನು ಇಟ್ಟಿದ್ದಾರೆ. ಇಲ್ಲಿ ಅನುಕರಣೆಗೆ ಕೆಲಸವೂ ಉಂಟು: ಸಂದಿನಲ್ಲಿ ನೀರು ಇಳಿಯದು. ಹಂಪೆಯ ವಿಠ್ಠಲ ದೇವಾಲಯದ ಮಂಟಪಗಳಿಗೆ ಬಂದರೆ, ಬಳುಕಿ ಚಾಚಿದ ಲೋವೆಯ ಕೆಳಮೈಯಲ್ಲಿ ಪಕಾಸಿಗಳ ಸಾಲೇ ಕಲ್ಲಾಗಿ ನಿಂತಿದೆ.

ಕಲ್ಲು ಕೊಳೆಯುವುದಿಲ್ಲ, ಶಿಲ್ಪಿಗೆ ಈ ತುದಿಗಳ ಹಂಗಿರಲಿಲ್ಲ. ಆದರೂ ಬಿಡಲಿಲ್ಲ. ಸೂರೆಂದರೆ ಹೀಗಿರಬೇಕೆಂದು ಬಡಗಿ ಜನರ ಕಣ್ಣಿಗೆ ಕಲಿಸಿಬಿಟ್ಟಿದ್ದನೆಂದೇ ನನ್ನ ಎಣಿಕೆ. ಅವನ ಮನೆಗಳು ಮಣ್ಣಾದವು. ಶಿಲ್ಪಿಯ ಗೌರವದಿಂದ ಅವನ ಕೈ ಉಳಿಯಿತು.

ಈಗ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮರದ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಕಂಬ ಬಾಗಿಲುಗಳಿಗೆ ಗಿರಾಕಿಗಳಿದ್ದಾರೆ, ಮಳೆಗೆ ಸವೆದ ಪಕಾಸಿ ತುದಿಗಳು ಒಲೆಗೆ ಹೋಗುತ್ತವೆ. ಇವನ್ನು ಕಲ್ಲಿನಲ್ಲಿ ಕಂಡರಿಸುವ ಶಿಲ್ಪಿ ಈ ಸಲ ಬರುವುದಿಲ್ಲ. ಕೆಡಹುವ ಮುನ್ನ ಮನೆಯವರಲ್ಲೊಬ್ಬರು ಏಣಿ ಹತ್ತಿ, ಅಳತೆ ಹಿಡಿದು, ಒಂದು ತುದಿಯನ್ನಾದರೂ ಕಾಗದದ ಮೇಲೆ ಬರೆದಿಟ್ಟರೆ ಅಷ್ಟು ಉಳಿದೀತು.