ರೆಸಿಡೆಂಟ್ ಈವಿಲ್ 2: ತಯಾರಿಕೆಯ ಇತಿಹಾಸ

ರೆಸಿಡೆಂಟ್ ಈವಿಲ್ 2 ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಕಂಪನಿ 1998ರ ಜನವರಿಯಲ್ಲಿ ಪ್ಲೇಸ್ಟೇಷನ್‌ಗಾಗಿ ಹೊರತಂದ ಭಯಾನಕ ವಿಡಿಯೊ ಗೇಮ್. ಜಪಾನಿನಲ್ಲಿ ಇದರ ಹೆಸರು ಬಯೋಹಜಾರ್ಡ್ 2. ಹೆಚ್ಚು ಪಾಲು ಸಿದ್ಧವಾಗಿದ್ದ ಆಟವನ್ನು ತಯಾರಕರೇ ಕೈಬಿಟ್ಟು ಮತ್ತೆ ಬುಡದಿಂದ ಕಟ್ಟಿದರು. ವಿಡಿಯೊ ಗೇಮ್‌ಗಳ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನ ಸಿಕ್ಕಿರುವುದಕ್ಕೆ ಮಾರಾಟದಷ್ಟೇ ಈ ಧೈರ್ಯವೂ ಕಾರಣ.

ಮೊದಲ ರೆಸಿಡೆಂಟ್ ಈವಿಲ್ 1996ರ ಮಾರ್ಚ್‌ನಲ್ಲಿ ಬಂತು. ಒಂಟಿ ಬಂಗಲೆ, ಎಣಿಸಿ ಬಳಸಬೇಕಾದ ಗುಂಡುಗಳು, ಮೂಲೆಯಾಚೆ ಏನಿದೆಯೆಂದು ತೋರಿಸದ ಸ್ಥಿರ ಕ್ಯಾಮೆರಾ: ಇಷ್ಟರಿಂದಲೇ ಅದು ಆಟಗಾರರನ್ನು ಹೆದರಿಸಿತ್ತು. ಅದರ ಕೆಲಸ ಮುಗಿದ ತಿಂಗಳೊಳಗೆ ಎರಡನೇ ಭಾಗ ಶುರುವಾಯಿತು. ಮೊದಲ ಭಾಗದ ನಿರ್ದೇಶಕ ಶಿಂಜಿ ಮಿಕಾಮಿ ಈಗ ನಿರ್ಮಾಪಕರಾದರು. ನಿರ್ದೇಶನದ ಹೊಣೆ ಹಿಡೆಕಿ ಕಾಮಿಯಾ ಎಂಬ ತರುಣನ ಪಾಲಿಗೆ ಬಂತು. ಹಳಬರ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದವರೂ ಇದ್ದ ತಂಡದಲ್ಲಿ 40-50 ಜನರಿದ್ದರು.

ಆಟ ಹೇಗಿರಬೇಕು ಎಂಬುದರ ಬಗ್ಗೆ ಇಬ್ಬರಿಗೂ ಹೊಂದಲಿಲ್ಲ. ಮಿಕಾಮಿ ಆರಂಭದಲ್ಲಿ ತಂಡವನ್ನು ತಮ್ಮ ದಾರಿಗೆ ಎಳೆಯಲು ನೋಡಿದರು. ಕಡೆಗೆ ಹಿಂದೆ ಸರಿದು, ತಿಂಗಳಿಗೊಮ್ಮೆ ಕೆಲಸ ತೋರಿಸಿದರೆ ಸಾಕೆಂದರು. 1997ರ ಮೇ ತಿಂಗಳಲ್ಲಿ ಬಿಡುಗಡೆ ಎಂದು ನಿಗದಿಯಾಗಿತ್ತು. ಬಿಡಿ ಭಾಗಗಳು ಚೆನ್ನಾಗಿದ್ದವು, ಒಟ್ಟು ಮಾತ್ರ ಕೂಡಿಬರಲಿಲ್ಲ. ಆಡಲು ಮಂಕು, ಜಾಗಗಳು ನೀರಸ ಎಂಬುದು ಮಿಕಾಮಿಯವರ ನಿರ್ಣಯ. ಶೇ. 60ರಿಂದ 80ರಷ್ಟು ಮುಗಿದಿದ್ದ ಆಟ ಅಲ್ಲಿಗೇ ನಿಂತಿತು. ಕೈಬಿಟ್ಟ ಈ ರೂಪವೇ ಮುಂದೆ ರೆಸಿಡೆಂಟ್ ಈವಿಲ್ 1.5 ಎಂದು ಹೆಸರಾದದ್ದು.

ಅದರಲ್ಲಿ ಪೊಲೀಸ್ ಲಿಯಾನ್ ಕೆನಡಿಯ ಜೊತೆಗಿದ್ದವಳು ಎಲ್ಜಾ ವಾಕರ್, ಮೋಟಾರ್‌ಸೈಕಲ್ ರೇಸು ಓಡಿಸುವ ಕಾಲೇಜು ಹುಡುಗಿ. ಇಬ್ಬರ ದಾರಿಗಳೂ ಎಲ್ಲೂ ಸೇರುತ್ತಿರಲಿಲ್ಲ. ಕಥೆ ನಡೆಯುವ ಪೊಲೀಸ್ ಠಾಣೆ ಚಿಕ್ಕದು, ನಾವು ದಿನಾ ನೋಡುವ ಸರ್ಕಾರಿ ಕಟ್ಟಡದಂಥದು. ನಡೆದಾಡುವ ಹೆಣಗಳಾದ ಜಾಂಬಿಗಳನ್ನು ಕಡಿಮೆ ಪಾಲಿಗಾನ್‌ಗಳಲ್ಲಿ (ಆಕೃತಿ ಕಟ್ಟುವ ಬಹುಭುಜಗಳಲ್ಲಿ) ಒರಟಾಗಿ ರಚಿಸಿದ್ದರಿಂದ ಪರದೆಯ ತುಂಬ ದಂಡು ನುಗ್ಗಿಸಬಹುದಿತ್ತು. ಹೊಸ ಆಟದಲ್ಲಿ ಈ ಲೆಕ್ಕ ತಿರುವುಮುರುವಾಯಿತು. ಒಮ್ಮೆಗೆ ಏಳಕ್ಕಿಂತ ಹೆಚ್ಚು ಜಾಂಬಿಗಳಿಲ್ಲ, ಆದರೆ ನಾಯಕ ನಾಯಕಿಯರ ಆಕೃತಿಗೆ 450 ಪಾಲಿಗಾನ್‌ಗಳು. ದಂಡು ಕರಗಿದರೂ ಭಯ ಕರಗಲಿಲ್ಲ. ಭಯಾನಕ ಆಟಗಳನ್ನು ಕಟ್ಟುವವರು ಇಂದಿಗೂ ಗಮನಿಸಬೇಕಾದ ಆಯ್ಕೆ ಇದು.

ಕಥೆಯ ಗಂಟು ಬಿಡಿಸಿದವರು ಹೊರಗಿನವರು. ಮಿಕಾಮಿ ಎರಡನೇ ಭಾಗಕ್ಕೇ ಸರಣಿಯನ್ನು ಮುಗಿಸುವ ಯೋಚನೆಯಲ್ಲಿದ್ದರು. ಮೇಲಧಿಕಾರಿ ಯೋಶಿಕಿ ಓಕಾಮೋಟೊ, ಇಂಥ ಮುಕ್ತಾಯದ ನಂತರ ಹೇಳಲು ಏನೂ ಉಳಿಯುವುದಿಲ್ಲವೆಂದು ಆಕ್ಷೇಪಿಸಿದರು. ತಿದ್ದುವ ಕೆಲಸ ಮುಂದೆ ಸಾಗದೆ ನಿಂತಾಗ ಟಿ.ವಿ. ಧಾರಾವಾಹಿಗಳ ಅನುಭವಿ ಬರಹಗಾರ ನೊಬೊರು ಸುಗಿಮುರಾ ಅವರನ್ನು ಕರೆಸಲಾಯಿತು. ಮೊದಲು ಸಲಹೆಗಷ್ಟೇ ಬಂದವರು ತೊಡಕುಗಳನ್ನು ಸಲೀಸಾಗಿ ಬಿಡಿಸಿದ್ದನ್ನು ಕಂಡು ಓಕಾಮೋಟೊ ಇಡೀ ಚಿತ್ರಕಥೆಯನ್ನೇ ಒಪ್ಪಿಸಿದರು. ಅದನ್ನು ತಂಡದ ಮೇಲೆ ಹೇರದೆ, ಮಿಕಾಮಿ ಮತ್ತು ಕಾಮಿಯಾ ಜೊತೆ ಕೂತು ಚರ್ಚಿಸುವ ಏರ್ಪಾಟನ್ನೂ ಮಾಡಿದರು. ಎಲ್ಜಾ ಹೋಗಿ ಕ್ಲೇರ್ ರೆಡ್‌ಫೀಲ್ಡ್ ಬಂದಳು. ಮೊದಲ ಭಾಗದ ನಾಯಕ ಕ್ರಿಸ್‌ನನ್ನು ಹುಡುಕಿ ಬರುವ ಅವನ ತಂಗಿ. ಒಂದು ಸಂಬಂಧದ ಎಳೆಯಿಂದ ಎರಡೂ ಭಾಗಗಳ ಕಥೆಗಳು ಹೆಣೆದುಕೊಂಡವು.

ಹಳೆಯ ಸಾಮಗ್ರಿಯಲ್ಲಿ ಉಳಿದದ್ದು ಸ್ವಲ್ಪ. ಜಪಾನಿನ ಪಾಶ್ಚಾತ್ಯ ಶೈಲಿಯ ಕಟ್ಟಡಗಳ ಒಳಾಂಗಣದ ಫೋಟೊಗಳನ್ನು ಆಧರಿಸಿ ಠಾಣೆಯನ್ನು ಭವ್ಯವಾಗಿ ಮರುರಚಿಸಿದರು. ಒಂದೊಂದು ಹಿನ್ನೆಲೆ ಚಿತ್ರಕ್ಕೂ ಎರಡು ಮೂರು ವಾರ ಹಿಡಿಯುತ್ತಿತ್ತು. ಕಾಯುತ್ತಿದ್ದ ಅಭಿಮಾನಿಗಳಿಗೆ ಕ್ಷಮೆಯ ರೂಪದಲ್ಲಿ, 1997ರಲ್ಲಿ ಬಂದ ಮೊದಲ ಭಾಗದ ಡೈರೆಕ್ಟರ್ಸ್ ಕಟ್ ಜೊತೆ ಹೊಸ ಆಟದ ಮಾದರಿ ಡಿಸ್ಕ್ ಕೊಟ್ಟರು. ಅಂತಿಮ ಆಟ ಲಿಯಾನ್‌ಗೊಂದು, ಕ್ಲೇರ್‌ಗೊಂದು ಎಂದು ಎರಡು ಡಿಸ್ಕ್‌ಗಳಲ್ಲಿ ಬಂತು. ಒಬ್ಬರ ಆಟದಲ್ಲಿ ಎತ್ತಿಕೊಂಡ ಮೆಷಿನ್‌ಗನ್ ಇನ್ನೊಬ್ಬರ ಸರದಿಗೆ ಸಿಗುವುದಿಲ್ಲ. 1.5ರಲ್ಲಿ ಬೇರೆ ಬೇರೆಯಾಗಿ ಸಾಗಿದ್ದ ಎರಡು ದಾರಿಗಳು ಇಲ್ಲಿ ಹೀಗೆ ಒಂದನ್ನೊಂದು ತಟ್ಟುತ್ತವೆ. ತಯಾರಿಕೆಯ ಎಲ್ಲ ಕಷ್ಟವೂ ಸಾರ್ಥಕವಾದದ್ದು ಈ ಜೋಡಣೆಯಲ್ಲೇ.

ಪ್ಲೇಸ್ಟೇಷನ್ ಒಂದರಲ್ಲೇ ಸುಮಾರು 50 ಲಕ್ಷ ಪ್ರತಿಗಳು ಮಾರಾಟವಾದವು. 1999ರಲ್ಲಿ ಏಂಜೆಲ್ ಸ್ಟುಡಿಯೋಸ್ ಎರಡು ಡಿಸ್ಕ್‌ಗಳ ಆಟವನ್ನು ನಿಂಟೆಂಡೊ 64ರ 64 ಎಂ.ಬಿ. ಕಾರ್ಟ್ರಿಜ್ ಒಂದರಲ್ಲಿ ಹಿಡಿಸಿತು. 1.5ರ ಅಪೂರ್ಣ ಪ್ರತಿಯೊಂದು 2013ರಲ್ಲಿ ಸಾರ್ವಜನಿಕರ ಕೈಗೆ ಬಂತು. ಪೂರ್ಣ ಮರುನಿರ್ಮಾಣ 2019ರ ಜನವರಿಯಲ್ಲಿ ಬಿಡುಗಡೆಯಾಯಿತು.

ಸಿದ್ಧವಾದದ್ದನ್ನು ಬಿಟ್ಟುಕೊಡುವ ಪರಿಪಾಠ ಸರಣಿಯಲ್ಲಿ ಮುಂದುವರಿಯಿತು. ನಾಲ್ಕನೇ ಭಾಗಕ್ಕೆಂದು ಕಾಮಿಯಾ ಆರಂಭಿಸಿದ ಕೆಲಸ 2001ರಲ್ಲಿ ಡೆವಿಲ್ ಮೇ ಕ್ರೈ ಎಂಬ ಬೇರೆಯದೇ ಆಟವಾಯಿತು. ಆಮೇಲೂ ಕೆಲವು ರೂಪಗಳನ್ನು ಕೈಬಿಟ್ಟು, ಮಿಕಾಮಿಯವರ ನಿರ್ದೇಶನದಲ್ಲಿ ರೆಸಿಡೆಂಟ್ ಈವಿಲ್ 4 ಬಂದದ್ದು 2005ರಲ್ಲಿ.