ಪ್ರಾಗ್ ನಗರದಲ್ಲೊಂದು ಕಾಲ್ನಡಿಗೆ

ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ಈ ಎರಡೂ ಕೂಡಿಬರುವ ಊರುಗಳಲ್ಲಿ ಚೆಕ್ ಜನರ ರಾಜಧಾನಿಯಾದ ಪ್ರಾಗ್ ಒಂದು. ಅದರ ಹಳೆಯ ಭಾಗವನ್ನು ನೋಡಲು ವಾಹನವೂ ಬೇಡ, ಮಾರ್ಗದರ್ಶಕನೂ ಬೇಡ. ಕೈಯಲ್ಲೊಂದು ನಕ್ಷೆ, ಒಂದು ಬೆಳಗಿನ ಬಿಡುವು ಇದ್ದರೆ ಸಾಕು.

ಹಳೆಯ ಪೇಟೆಯ ಚೌಕದಿಂದ ಹೊರಡೋಣ. 1410ರ ಖಗೋಳ ಗಡಿಯಾರವಿರುವುದು ಇಲ್ಲಿಯೇ. ಗಂಟೆಗೊಮ್ಮೆ ಹೊರಬರುವ ಗೊಂಬೆಗಳನ್ನು ನೋಡಲು ಜನ ಕತ್ತೆತ್ತಿ ನಿಂತಿರುತ್ತಾರೆ. ಚರಿತ್ರೆಯನ್ನು ಅರಸುವವರು ತಲೆ ತಗ್ಗಿಸಿ ನೆಲವನ್ನೂ ನೋಡಬೇಕು. ಪುರಭವನದ ಬಳಿ ಹಾಸುಗಲ್ಲುಗಳ ನಡುವೆ 27 ಬಿಳಿಯ ಶಿಲುಬೆಗಳಿವೆ. ಹ್ಯಾಪ್ಸ್‌ಬರ್ಗ್ ಅರಸರ ವಿರುದ್ಧ 1618ರಲ್ಲಿ ಬಂಡೆದ್ದ ಬೊಹೀಮಿಯದ ಸರದಾರರು 1620ರ ನವೆಂಬರಿನಲ್ಲಿ ಊರ ಹೊರಗಿನ ಬಿಳಿಗುಡ್ಡದ ಕಾಳಗದಲ್ಲಿ ಸೋತರು. 1621ರ ಜೂನ್ 21ರಂದು ಬಂಡಾಯದ 27 ಮುಖಂಡರಿಗೆ ಇಲ್ಲಿ ಮರಣದಂಡನೆಯಾಯಿತು. ಅವರಲ್ಲೊಬ್ಬನು ವಿಶ್ವವಿದ್ಯಾನಿಲಯದ ರೆಕ್ಟರನಾಗಿದ್ದ ವೈದ್ಯ ಯಾನ್ ಯೆಸ್ಸೇನಿಯಸ್. ಅವನ ಶಿರಚ್ಛೇದಕ್ಕೆ ಮೊದಲು ನಾಲಗೆಯನ್ನು ಕತ್ತರಿಸಿದರು.

ಅಲ್ಲಿಂದ ಅಂಕುಡೊಂಕಾದ ಕಾರ್ಲೋವಾ ಬೀದಿಯನ್ನು ಹಿಡಿದು ನಡೆದರೆ ವ್ಲ್ಟಾವಾ ನದಿ ಸಿಕ್ಕುತ್ತದೆ. ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ, 1357ರಲ್ಲಿ ಅಡಿಗಲ್ಲಿಟ್ಟ 16 ಕಮಾನುಗಳ ಸೇತುವೆ ಇದು. ಇದರ ಈಚೆಯ ದಡದ ಗೋಪುರ ಶಿಲ್ಪಕ್ಕೆ ಹೆಸರಾದದ್ದು. ಕೊಲ್ಲಲ್ಪಟ್ಟ 27 ಮಂದಿಯಲ್ಲಿ 12 ಮಂದಿಯ ತಲೆಗಳು ಈ ಗೋಪುರದ ಮೇಲೆ ಹತ್ತು ವರ್ಷಗಳ ಕಾಲ ತೂಗಾಡುತ್ತಿದ್ದುವು.

ಸೋಲಿನ ಫಲ ಭಾಷೆಗೂ ತಟ್ಟಿತು. 1627ರ ಶಾಸನವು ಜರ್ಮನ್ ನುಡಿಗೆ ಚೆಕ್ ನುಡಿಯೊಡನೆ ಸಮಾನ ಸ್ಥಾನವನ್ನು ಕೊಟ್ಟಿತು. ಸಮಾನವೆಂದು ಬಂದದ್ದು ಕ್ರಮೇಣ ಯಜಮಾನನಾಯಿತು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಚೆಕ್ ಬಹುಮಟ್ಟಿಗೆ ಹಳ್ಳಿಗರ, ಆಳುಕಾಳುಗಳ ಮಾತಾಗಿ ಉಳಿದಿತ್ತು.

ಗೋಪುರದಿಂದ ಎಡಕ್ಕೆ ತಿರುಗಿ ನದಿಯ ದಂಡೆಯಲ್ಲೇ ಸಾಗಿದರೆ ರಾಷ್ಟ್ರೀಯ ನಾಟಕಶಾಲೆ ಎದುರಾಗುತ್ತದೆ. ಚೆಕ್ ಭಾಷೆಯ ನಾಟಕಗಳಿಗೆಂದು ಜನರು ಚಂದಾ ಎತ್ತಿ ಕಟ್ಟಿದ ಮಂದಿರವಿದು. 1881ರ ಜೂನಿನಲ್ಲಿ ಬಾಗಿಲು ತೆರೆದು, ಆಗಸ್ಟಿನಲ್ಲಿಯೇ ಬೆಂಕಿಗೆ ಆಹುತಿಯಾಯಿತು. ಜನ ಎದೆಗುಂದಲಿಲ್ಲ. 47 ದಿನಗಳಲ್ಲಿ ಸುಮಾರು 10 ಲಕ್ಷ ಗುಲ್ಡನ್ ಕೂಡಿತು. 1883ರ ನವೆಂಬರಿನಲ್ಲಿ ಸ್ಮೆತನಾನ ‘ಲಿಬುಶೆ’ ಗೀತನಾಟಕದೊಡನೆ ಮತ್ತೆ ಬಾಗಿಲು ತೆರೆಯಿತು.

ನಾಟಕಶಾಲೆಯ ಪಕ್ಕದಿಂದ ಹೊರಡುವ ನಾರೊದ್ನಿ ಬೀದಿಯಲ್ಲಿಯೇ 1989ರ ನವೆಂಬರ್ 17ರಂದು ಪೋಲೀಸರು ವಿದ್ಯಾರ್ಥಿಗಳ ಮೆರವಣಿಗೆಯನ್ನು ತಡೆದು ಹೊಡೆದದ್ದು. ಆ ವರ್ಷ ಮುಗಿಯುವುದರೊಳಗೆ ಕಮ್ಯೂನಿಸ್ಟರ ಏಕಾಧಿಪತ್ಯ ಕೊನೆಗೊಂಡಿತು. ಬೀದಿಯ ಆಚೆಯ ತುದಿಗೆ ಒಂದು ಸಣ್ಣ ಚೌಕ. ಅಲ್ಲಿ ಯೋಸೆಫ್ ಯುಂಗ್‌ಮನ್ನನ ಪ್ರತಿಮೆ. ಆತ ಅರಸನಲ್ಲ, ದಂಡನಾಯಕನಲ್ಲ. ವೃತ್ತಿಯಿಂದ ಪ್ರೌಢಶಾಲೆಯ ಉಪಾಧ್ಯಾಯ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು 1811ರಲ್ಲಿ ಚೆಕ್ ನುಡಿಗೆ ತಂದು, ಆ ನುಡಿ ದೊಡ್ಡ ಕಾವ್ಯವನ್ನು ಹೊರಬಲ್ಲುದೆಂದು ತೋರಿಸಿದ. ಬಳಿಕ ಅವನು ಸಿದ್ಧಪಡಿಸಿದ ಐದು ಸಂಪುಟಗಳ ಚೆಕ್-ಜರ್ಮನ್ ನಿಘಂಟು 1839ರಲ್ಲಿ ಪೂರ್ಣವಾಯಿತು. ಹಳೆಯ ಗ್ರಂಥಗಳ ಮಾತು, ಹಳ್ಳಿಯ ಮಾತು, ನೆರೆಯ ಸ್ಲಾವ್ ಭಾಷೆಗಳಿಂದ ತಂದ ಮಾತು ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. ಮುಂದಿನ ಲೇಖಕರಿಗೆ ಅದು ಉಗ್ರಾಣವಾಯಿತು.

ಶಿಲುಬೆಗಳಿಂದ ಈ ಪ್ರತಿಮೆಯವರೆಗೆ ಸುಮಾರು ಎರಡು ಕಿಲೋಮೀಟರು ದಾರಿ. ನಡೆಯುವವರಿಗೆ ಒಂದು ಗಂಟೆಯೂ ಹಿಡಿಯದು. ಚೆಕ್ ನುಡಿಗೆ ಅಷ್ಟು ದಾರಿ ಸವೆಸಲು ಇನ್ನೂರು ವರ್ಷಗಳಿಗೂ ಮಿಗಿಲಾಗಿ ಹಿಡಿಯಿತು.